ಗರ್ಭದಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು: ಹದಿನಾಲ್ಕು ವಾರದೊಳಗಿನ ತೀರ್ಮಾನ ಮತ್ತು ನಮ್ಮ ಧರ್ಮಕೇಂದ್ರಗಳು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. ಬೆಂಗಳೂರಿನ ಹೊರವಲಯದ ಈ ಮೂರು ಹೆಸರುಗಳು ಇಂದು ಕರಾವಳಿಯ ಯಾವ ಧರ್ಮಕೇಂದ್ರಕ್ಕೂ ಅಪರಿಚಿತವಲ್ಲ. ಕ್ರಿಸ್ಮಸ್, ವಾರ್ಷಿಕ ಹಬ್ಬ, ಮೊಂತಿ ಫೆಸ್ತ್ ಬಂತೆಂದರೆ ಅಲ್ಲಿಂದ ರಾತ್ರಿ ಬಸ್ಸು ಹಿಡಿದು ನಮ್ಮ ಮಕ್ಕಳು ಊರಿಗೆ ಬರುತ್ತಾರೆ. ಮದುವೆಯಾಗಿ ಒಂದೆರಡು ವರ್ಷ ಕಳೆದವರಿಗೆ ಚರ್ಚ್ ಅಂಗಳದಲ್ಲಿ ಎದುರಾಗುವ ಪ್ರಶ್ನೆ ಒಂದೇ: "ವಿಶೇಷ ಏನಾದರೂ ಇದೆಯಾ?" ಕೇಳುವವರಿಗೆ ಅದು ಕುಶಲ ವಿಚಾರಣೆ. ಕೇಳಿಸಿಕೊಳ್ಳುವವರಿಗೆ ಹಾಗಲ್ಲ. ತಡವಾಗಿ ಮದುವೆ, ಪಾಳಿ ಕೆಲಸ, ಸಾಲದ ಕಂತು, ಸಿಲ್ಕ್ ಬೋರ್ಡ್‌ನಲ್ಲೋ ಕೆ.ಆರ್. ಪುರದಲ್ಲೋ ಗಂಟೆಗಟ್ಟಲೆ ನಿಂತ ವಾಹನದೊಳಗಿನ ಬದುಕು... ಇವುಗಳ ನಡುವೆ ಮಗು ನಿಲ್ಲದಿದ್ದಾಗ ದಂಪತಿ ವೈದ್ಯರ ಬಾಗಿಲು ತಟ್ಟುತ್ತಾರೆ. ಮಾತ್ರೆ, ಚುಚ್ಚುಮದ್ದು, ಕೊನೆಗೆ ಪ್ರನಾಳ ಶಿಶು ವಿಧಾನ. ಹೀಗೆ ಬಹಳ ದಿನ ಕಾದು ಸಿಕ್ಕ ಗರ್ಭದಲ್ಲಿ ಕೆಲವೊಮ್ಮೆ ಎರಡು, ಕೆಲವೊಮ್ಮೆ ಮೂರು ಜೀವಗಳು ಕಾಣಿಸುತ್ತವೆ.

ಆ ಸುದ್ದಿ ಊರಿಗೆ ಮುಟ್ಟುವಾಗ ಸಾಮಾನ್ಯವಾಗಿ ಐದನೇ ತಿಂಗಳು. ಅಷ್ಟರಲ್ಲಿ ಮುಖ್ಯವಾದ ತೀರ್ಮಾನಗಳೆಲ್ಲ ಮುಗಿದಿರುತ್ತವೆ.

ಇದೇ ಈ ಬರಹದ ವಿಷಯ. ಒಂದಕ್ಕಿಂತ ಹೆಚ್ಚು ಮಕ್ಕಳಿರುವ ಗರ್ಭದ ಮೊದಲ ಸ್ಕ್ಯಾನ್ ನಡೆಯುವುದು ಆರೇಳನೇ ವಾರದಲ್ಲಿ. ಮೂರೋ ನಾಲ್ಕೋ ಇದ್ದರೆ "ಭ್ರೂಣ ಕಡಿತ" ಮಾಡಿಸುತ್ತೀರಾ ಎಂಬ ಪ್ರಶ್ನೆ ಬರುವುದು, ಮಾಡುವುದಿದ್ದರೆ ಮಾಡುವುದು, ಹೆಚ್ಚಾಗಿ ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ. ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿ. ಹಾಗಾಗಿ ಒಂದು ಕುಟುಂಬದ ಅತ್ಯಂತ ಕಠಿಣವಾದ ನಿರ್ಧಾರ, ಅದು ಅತ್ಯಂತ ಒಂಟಿಯಾಗಿರುವ ವಾರಗಳಲ್ಲಿ ಆಗಿಹೋಗುತ್ತದೆ. ಧರ್ಮಸಭೆ ಅಲ್ಲಿಗೆ ತಲುಪುವುದು ಜ್ಞಾನಸ್ನಾನದ ದಿನ. ಬದುಕುಳಿದ ಮಗುವಿನ ಜ್ಞಾನಸ್ನಾನದ ದಿನ ಎನ್ನಬೇಕು.

ಮೊದಲು ವೈದ್ಯಕೀಯ ಸಂಗತಿ. ಯಾವ ಔಷಧಿಯೂ ಇಲ್ಲದೆ ಸಹಜವಾಗಿ ಅವಳಿ ಗರ್ಭ ನಿಲ್ಲುವುದು ಸುಮಾರು 80ರಿಂದ 90 ಗರ್ಭಗಳಲ್ಲಿ ಒಂದು ಎಂಬುದು ವೈದ್ಯರ ಹಳೆಯ ಲೆಕ್ಕ. 2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ 1980ರ ದಶಕದ ಆರಂಭದಲ್ಲಿ ಸಾವಿರ ಹೆರಿಗೆಗೆ ಸುಮಾರು 9 ಇದ್ದ ಅವಳಿ ಪ್ರಮಾಣ 2010ರಿಂದ 2015ರ ಅವಧಿಗೆ 12ಕ್ಕೆ ಏರಿತು. ವರ್ಷಕ್ಕೆ ಸುಮಾರು 16 ಲಕ್ಷ ಅವಳಿ ಜೋಡಿಗಳು! ಏರಿಕೆಗೆ ದೊಡ್ಡ ಕಾರಣ ಸಂತಾನ ಚಿಕಿತ್ಸೆ, ಜೊತೆಗೆ ತಾಯಂದಿರ ಹೆಚ್ಚಿದ ವಯಸ್ಸು. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಇದಕ್ಕೆ ಪ್ರನಾಳ ಶಿಶು ವಿಧಾನವೇ ಬೇಕಾಗಿಲ್ಲ. ಅಂಡಾಣು ಬಿಡುಗಡೆಗೆಂದು ಸಾಮಾನ್ಯ ಸ್ತ್ರೀರೋಗ ತಜ್ಞರೇ ಬರೆದುಕೊಡುವ ಕ್ಲೋಮಿಫಿನ್ ಮಾತ್ರೆಯಿಂದ ನಿಂತ ಗರ್ಭಗಳಲ್ಲೂ ನೂರಕ್ಕೆ ಏಳೆಂಟು ಅವಳಿ. ಹಾರ್ಮೋನ್ ಚುಚ್ಚುಮದ್ದಿನಲ್ಲಿ ಇದು ಇನ್ನೂ ಹೆಚ್ಚು.

ಗರ್ಭದಲ್ಲಿ ಎಷ್ಟು ಮಕ್ಕಳಿವೆ ಎನ್ನುವುದರಷ್ಟೇ ಮುಖ್ಯ, ಅವುಗಳಿಗೆ ಎಷ್ಟು ಮಾಸು ಎನ್ನುವುದು. ಎರಡು ಮಕ್ಕಳಿಗೂ ಬೇರೆ ಬೇರೆ ಮಾಸು ಇದ್ದರೆ ಅಪಾಯ ಕಡಿಮೆ. ಒಂದೇ ಮಾಸನ್ನು ಹಂಚಿಕೊಂಡಿದ್ದರೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವ ತೊಂದರೆ ನೂರಕ್ಕೆ ಹತ್ತರಿಂದ ಹದಿನೈದು ಗರ್ಭಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥವರಿಗೆ ಹದಿನಾರನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಮಾಸು ಒಂದೋ ಎರಡೋ ಎಂಬುದು ಸ್ಪಷ್ಟವಾಗಿ ತಿಳಿಯುವುದು ಹದಿನಾಲ್ಕು ವಾರದೊಳಗಿನ ಸ್ಕ್ಯಾನಿನಲ್ಲಿ; ಆಮೇಲೆ ಹೇಳುವುದು ಕಷ್ಟವಾಗುತ್ತದೆ. ಅವಳಿ ಎಂದು ಗೊತ್ತಾದ ತಾಯಿ ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ "ಮಾಸು ಎಷ್ಟು?" ಎಂಬುದು. ಮದುವೆ ತಯಾರಿ ಶಿಬಿರಗಳಲ್ಲಿ ನಾವು ಇಷ್ಟೆಲ್ಲ ಹೇಳಿಕೊಡುತ್ತೇವೆ, ಇದನ್ನೂ ಒಂದು ಮಾತು ಹೇಳಬಹುದು.

ಇನ್ನೊಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಆರೇಳನೇ ವಾರದಲ್ಲಿ ಎರಡು ಕಂಡ ಗರ್ಭದಲ್ಲಿ ಹನ್ನೆರಡನೇ ವಾರಕ್ಕೆ ಒಂದೇ ಉಳಿಯುವುದುಂಟು. ಮೊದಲ ಸ್ಕ್ಯಾನಿನಲ್ಲಿ ಕಂಡ ಅವಳಿಗಳಲ್ಲಿ ಐದರಲ್ಲೊಂದರಿಂದ ಮೂರರಲ್ಲೊಂದರಷ್ಟು ಹೀಗಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಒಂದು ಭ್ರೂಣದ ಎದೆಬಡಿತ ತಾನಾಗಿ ನಿಲ್ಲುತ್ತದೆ, ಗರ್ಭಕೋಶವೇ ಅದನ್ನು ಕರಗಿಸಿಕೊಳ್ಳುತ್ತದೆ. ಹಿಂದೆ ಸ್ಕ್ಯಾನ್ ಇಲ್ಲದ ಕಾಲದಲ್ಲಿ ಇದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಈಗ ತಿಳಿಯುತ್ತದೆ. ತಾಯಿ ತಾನು ಭಾರ ಎತ್ತಿದ್ದರಿಂದಲೋ, ಆಫೀಸಿಗೆ ಹೋದದ್ದರಿಂದಲೋ, ಯಾವುದೋ ಪಾಪಕ್ಕೆ ಶಿಕ್ಷೆಯಾಗಿಯೋ ಹೀಗಾಯಿತೆಂದು ಕೊರಗುತ್ತಾಳೆ. ಹಾಗಲ್ಲ. ಇದು ಗರ್ಭಪಾತವಲ್ಲ, ಯಾರ ತಪ್ಪೂ ಅಲ್ಲ, ಶಿಕ್ಷೆಯಂತೂ ಅಲ್ಲವೇ ಅಲ್ಲ. ಉಳಿದ ಮಗು ಸಾಮಾನ್ಯವಾಗಿ ಕ್ಷೇಮವಾಗಿ ಬೆಳೆಯುತ್ತದೆ. ಆದರೆ ಹೋದದ್ದೂ ಒಂದು ಮಗುವೇ. "ಇನ್ನೊಂದು ಇದೆಯಲ್ಲ, ಸುಮ್ಮನಿರು" ಎನ್ನುವ ಸಂಬಂಧಿಕರಿಗೆ ಇದು ಅರ್ಥವಾಗುವುದಿಲ್ಲ. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳ ರಕ್ಷಣೆಯ ಕುರಿತು ಭರವಸೆ ಇಡಲು ಗಂಭೀರವಾದ ಆಧಾರಗಳಿವೆ ಎಂದು ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲೇ ವಿವರಿಸಿದೆ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ 'ಲಿಂಬೊ' ಎಂಬ ಮಾತನ್ನೇ ಇಂದಿಗೂ ಹಿಡಿದುಕೊಂಡು ನೊಂದ ತಾಯಿಗೆ ಹೇಳುವವರಿದ್ದಾರೆ. ದಯವಿಟ್ಟು ಹೇಳಬೇಡಿ.

ಇನ್ನು ಭ್ರೂಣ ಕಡಿತ. ಇಲ್ಲಿ ಆಗುವುದು ಬೇರೆ. ಗರ್ಭದಲ್ಲಿರುವ ಆರೋಗ್ಯವಂತ ಭ್ರೂಣಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿ, ಸಾಮಾನ್ಯವಾಗಿ ಅದರ ಹೃದಯಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚಿ ಬಡಿತ ನಿಲ್ಲಿಸುತ್ತಾರೆ. ಉಳಿದವು ಬೆಳೆಯಲಿ ಎಂಬುದು ಉದ್ದೇಶ. ವಿಶ್ವಾಸ ಸಿದ್ಧಾಂತ ಪರಿಷತ್ತು ಹೊರಡಿಸಿದ 'ದಿಗ್ನಿತಾಸ್ ಪೆರ್ಸೋನೆ' ದಾಖಲೆ ಇದನ್ನು ಹೆಸರಿಟ್ಟು ಚರ್ಚಿಸಿದೆ. ಆ ದಾಖಲೆಯ ದಿನಾಂಕ 2008ರ ಸೆಪ್ಟೆಂಬರ್ 8, ಅಂದರೆ ಮರಿಯಮ್ಮನವರ ಜನನದ ಹಬ್ಬ, ನಮ್ಮ ಮೊಂತಿ ಫೆಸ್ತ್ ದಿನ. ಅದರ ನಿಲುವು ಸ್ಪಷ್ಟ: ಉದ್ದೇಶಪೂರ್ವಕವಾಗಿ ನಿರಪರಾಧಿ ಜೀವವೊಂದನ್ನು ತೆಗೆಯುವುದು ಒಳ್ಳೆಯ ಗುರಿಗಾಗಿಯೂ ಸಲ್ಲದು, ಭ್ರೂಣ ಕಡಿತ ಆಯ್ದು ಮಾಡಿದ ಗರ್ಭಪಾತವೇ. ನಾಡಿನ ಕಾನೂನು ಇದಕ್ಕೆ ಅಡ್ಡಿಯಾಗುವುದಿಲ್ಲ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಹಾಗಾಗಿ ತಡೆಯುವುದಿದ್ದರೆ ಮನಸ್ಸಾಕ್ಷಿ ಮಾತ್ರ ತಡೆಯಬೇಕು.

ಆದರೆ ಕಡಿತದ ಸಲಹೆ ಕೊಡುವ ವೈದ್ಯರನ್ನೆಲ್ಲ ಕಟುಕರೆಂದು ವೇದಿಕೆಯಿಂದ ಬಯ್ಯುವುದರಲ್ಲಿ ನ್ಯಾಯವಿಲ್ಲ. ಅವರ ಭಯಕ್ಕೆ ಆಧಾರವಿದೆ. ಒಂಟಿ ಮಗು 40 ವಾರ ಗರ್ಭದಲ್ಲಿರುತ್ತದೆ. ಅವಳಿಗಳು ಸರಾಸರಿ 35–36 ವಾರಕ್ಕೆ, ತ್ರಿವಳಿಗಳು 32–33ಕ್ಕೆ, ನಾಲ್ವರು 30ರ ಆಸುಪಾಸಿನಲ್ಲಿ ಹುಟ್ಟುತ್ತಾರೆ. ನಮ್ಮ ಕರಾವಳಿಯಲ್ಲಿ ಏಳನೇ ತಿಂಗಳಿಗೆ ಹೂ ಮುಡಿಸುವ ಸಂಪ್ರದಾಯವಿದೆಯಷ್ಟೆ. ತ್ರಿವಳಿ ಗರ್ಭಿಣಿಗೆ ಅದರ ಮರು ತಿಂಗಳೇ ಹೆರಿಗೆ! ತಾಯಿಗೆ ರಕ್ತದೊತ್ತಡ, ರಕ್ತಹೀನತೆ, ಸಕ್ಕರೆ ಕಾಯಿಲೆಯ ಸಾಧ್ಯತೆ ಹೆಚ್ಚು. ಬಹಳ ಬೇಗ ಹುಟ್ಟಿದ ಮಕ್ಕಳಿಗೆ ಉಸಿರಾಟ, ಕಣ್ಣು, ಮೆದುಳಿನ ತೊಂದರೆಗಳು ಬರಬಹುದು. ಇವನ್ನು ಮುಚ್ಚಿಟ್ಟು ಕೇವಲ ಧರ್ಮಬೋಧನೆ ಮಾಡಿದರೆ ಓದಿಕೊಂಡ ದಂಪತಿ ನಮ್ಮ ಮಾತನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಇನ್ನೊಂದು ಬದಿಯೂ ಇದೆ. ಅಂಥ ಮಕ್ಕಳು ಬದುಕುತ್ತಾರೆ. 2024ರ ನವೆಂಬರ್‌ನಲ್ಲಿ ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಒಬ್ಬ ತಾಯಿ ಅವಧಿಗೆ ಮುನ್ನ ನಾಲ್ಕು ಮಕ್ಕಳನ್ನು ಹೆತ್ತ ಸುದ್ದಿ ನಮ್ಮ ಓದುಗರಿಗೆ ನೆನಪಿರಬಹುದು. ಎರಡು ಗಂಡು, ಎರಡು ಹೆಣ್ಣು. ಪ್ರತಿಯೊಂದರ ತೂಕ ಒಂದು ಕಿಲೋದ ಆಸುಪಾಸು. ಅದಕ್ಕೂ ಮೊದಲು 2022ರ ಮೇ ತಿಂಗಳಲ್ಲಿ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲೂ ನಾಲ್ಕು ಮಕ್ಕಳ ಹೆರಿಗೆಯಾಗಿತ್ತು. ಎಲ್ಲರಿಗೂ ಹೀಗೆ ಸುಸೂತ್ರವಾಗುತ್ತದೆಂದು ಇದರಿಂದ ಹೇಳಲಾಗದು. ಆದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಕಡೆ ಹೆರಿಗೆಯಾದರೆ ಮೂವತ್ತು ವಾರದ ಮಗುವಿಗೂ ಬದುಕುವ ದಾರಿ ಇಂದು ಇದೆ ಎಂದು ಹೇಳಬಹುದು. ಬೆಂಗಳೂರಿನಲ್ಲಿರುವವರಿಗೆ ಕೋರಮಂಗಲದಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯದೇ ಆದ ಸಂತ ಜಾನ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಸರ್ಕಾರದ ವಾಣಿ ವಿಲಾಸ ಆಸ್ಪತ್ರೆ ಇದೆ. ಹದಿನಾಲ್ಕು ವಾರದೊಳಗೆ ಎರಡನೇ ವೈದ್ಯರ ಅಭಿಪ್ರಾಯ ಪಡೆಯುವುದು ಯಾರಿಗೂ ಅವಮಾನವಲ್ಲ. ಒಂದೇ ಮಾಸಿನ ಅವಳಿಗಳಲ್ಲಿ ರಕ್ತ ಹರಿದುಹೋಗುವ ತೊಂದರೆಗೆ ಲೇಸರ್ ಚಿಕಿತ್ಸೆಯಿದೆ. ಅದರ ಗುರಿ ಇಬ್ಬರನ್ನೂ ಉಳಿಸುವುದು. ಅಪಾಯವಿದ್ದರೂ ಅದರಲ್ಲಿ ನೈತಿಕ ತೊಡಕಿಲ್ಲ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಮೂರು ಮಕ್ಕಳು ಗರ್ಭದಲ್ಲಿ ಕೂತ ಮೇಲೆ "ತೆಗೆಯಬೇಡಿ" ಎನ್ನುವ ನಾವು, ಅವು ಮೂರಾಗುವ ಮೊದಲು ಏನು ಹೇಳಿದ್ದೆವು? ಪ್ರನಾಳ ಶಿಶು ವಿಧಾನವನ್ನು ಧರ್ಮಸಭೆ ಒಪ್ಪುವುದಿಲ್ಲ ಎಂಬುದು 1987ರ 'ದೋನುಮ್ ವಿತೆ' ದಾಖಲೆಯಿಂದಲೇ ಗೊತ್ತಿರುವ ವಿಷಯ. ಅದನ್ನು ಹೇಳಿ ಸುಮ್ಮನಾಗುತ್ತೇವೆ. ಆದರೆ ಯಾವ ಚಿಕಿತ್ಸೆ ಒಪ್ಪಿತ ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳುವವರು ಕಡಿಮೆ. ಹಾರ್ಮೋನ್ ಚಿಕಿತ್ಸೆ, ಎಂಡೋಮೆಟ್ರಿಯೋಸಿಸ್‌ಗೆ ಶಸ್ತ್ರಚಿಕಿತ್ಸೆ, ಮುಚ್ಚಿಹೋದ ಗರ್ಭನಾಳ ತೆರೆಯುವುದು ಇವೆಲ್ಲ ಸಮ್ಮತವೆಂದು 2008ರ ದಾಖಲೆಯೇ ಹೇಳುತ್ತದೆ. ಇದು ತಿಳಿಯದ ಎಷ್ಟೋ ದಂಪತಿ ಮಾತ್ರೆ ನುಂಗಲೂ ಹೆದರುತ್ತಾರೆ. ಇಲ್ಲವೇ ಹೇಗೂ ಎಲ್ಲವೂ ತಪ್ಪಂತೆ ಎಂದು ನೇರವಾಗಿ ದೊಡ್ಡ ಕ್ಲಿನಿಕ್ಕಿಗೆ ಹೋಗುತ್ತಾರೆ. ಸಮ್ಮತವಾದ ಹಾರ್ಮೋನ್ ಚಿಕಿತ್ಸೆಯಲ್ಲೂ ಎಚ್ಚರ ಬೇಕು. ಸ್ಕ್ಯಾನಿನಲ್ಲಿ ಒಮ್ಮೆಗೇ ಮೂರು ನಾಲ್ಕು ಅಂಡಾಣುಗಳು ಬಲಿತಿರುವುದು ಕಂಡರೆ ಆ ತಿಂಗಳು ಕೂಡುವುದನ್ನು ಬಿಟ್ಟುಬಿಡಿ ಎನ್ನುವ ವೈದ್ಯರು ಒಳ್ಳೆಯ ವೈದ್ಯರು.

ಕ್ಲಿನಿಕ್‌ಗಳ ಕಡೆ ನೋಡಿದರೆ, ಪರದೇಶಗಳಲ್ಲಿ ಪಾಠ ಕಲಿತು ಇಪ್ಪತ್ತು ವರ್ಷಗಳಾದವು. ಬೆಲ್ಜಿಯಂ ಮತ್ತು ಸ್ವೀಡನ್ 2003ರಲ್ಲಿ ಒಂದು ಬಾರಿಗೆ ಒಂದೇ ಭ್ರೂಣ ಎಂಬ ದಾರಿ ಹಿಡಿದವು. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಪ್ರನಾಳ ಶಿಶು ವಿಧಾನದ ಹೆರಿಗೆಗಳಲ್ಲಿ ನೂರಕ್ಕೆ 28ರಷ್ಟಿದ್ದ ಅವಳಿ–ತ್ರಿವಳಿ ಪ್ರಮಾಣ 2019ಕ್ಕೆ 6ಕ್ಕೆ ಇಳಿಯಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2005ರ ಮಾರ್ಗಸೂಚಿ, ವಿಶೇಷ ಸಂದರ್ಭ ಬಿಟ್ಟರೆ, ಮೂರರವರೆಗೆ ಇಡಲು ಅವಕಾಶ ಕೊಟ್ಟಿತ್ತು. 2021ರಲ್ಲಿ ಸಂಸತ್ತು ಒಪ್ಪಿದ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆ ಕ್ಲಿನಿಕ್‌ಗಳಿಗೆ ನೋಂದಣಿ ಕಡ್ಡಾಯ ಮಾಡಿತು. 2022ರ ಬಾಡಿಗೆ ತಾಯ್ತನದ ನಿಯಮಗಳು ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ ಎಂದವು. ಒಂದು ಬಾರಿಯ ಖರ್ಚು ಲಕ್ಷ ದಾಟುವಾಗ "ಎರಡು ಹಾಕಿಬಿಡಿ ಡಾಕ್ಟ್ರೇ, ಒಂದಾದರೂ ನಿಲ್ಲಲಿ" ಎನ್ನುವುದು ದಂಪತಿಯೇ. ಲಾಭದ ಲೆಕ್ಕವಿರುವ ಕ್ಲಿನಿಕ್ಕಿಗೆ ಯಶಸ್ಸಿನ ಪ್ರಮಾಣ ಮುಖ್ಯ. ಮೂರೂ ನಿಂತರೆ ಕಡಿತ ಇದ್ದೇ ಇದೆಯಲ್ಲ ಎಂಬ ಧೈರ್ಯ ಇಬ್ಬರಿಗೂ. ಅಪಾಯ ಗೊತ್ತಿದ್ದೂ ಜೀವಗಳನ್ನು ಒಳಗಿಟ್ಟು, ಆಮೇಲೆ ಎಣಿಸಿ ತೆಗೆಯುವುದು ನನಗಂತೂ ಈ ಇಡೀ ವ್ಯವಹಾರದ ಅತ್ಯಂತ ಕೆಟ್ಟ ಭಾಗವೆನಿಸುತ್ತದೆ. ಒಂದೇ ಭ್ರೂಣ ಇಡುವುದರಿಂದ ಧರ್ಮಸಭೆಯ ಆಕ್ಷೇಪ ಮುಗಿಯುವುದಿಲ್ಲ, ಉಳಿದವು ಶೀತಲ ಪೆಟ್ಟಿಗೆಯಲ್ಲಿ ಕೂರುತ್ತವೆ. ನಮ್ಮ ಕಾಯ್ದೆ ಅದಕ್ಕೆ ಕೊಟ್ಟಿರುವ ಗಡುವು 10 ವರ್ಷ. ಆದರೂ ನಮ್ಮ ಮಾತು ಮೀರಿ ಹೋದ ದಂಪತಿಯೂ ನಮ್ಮವರೇ. ಅವರ ಗರ್ಭದಲ್ಲಿ ನಿಂತ ಪ್ರತಿ ಮಗುವೂ ದೇವರ ಕೊಡುಗೆಯೆಂದೇ ಸ್ವೀಕರಿಸಬೇಕೆಂದು 'ದೋನುಮ್ ವಿತೆ'ಯೇ ಹೇಳಿದೆ. "ಅದು ಟೆಸ್ಟ್ ಟ್ಯೂಬ್ ಮಗುವಂತೆ" ಎಂದು ಚರ್ಚ್ ಬಾಗಿಲಲ್ಲಿ ಪಿಸುಗುಡುವವರು ಇದನ್ನು ಗಮನಿಸಬೇಕು.

ಉಳಿಸಿಕೊಳ್ಳಿ ಎಂದ ಮೇಲೆ ಉಳಿಸಿಕೊಳ್ಳಲು ಬೇಕಾದದ್ದು ಸಮಯ, ಹಣ ಮತ್ತು ಕೈಗಳು. ಸಮಯದ ವಿಷಯದಲ್ಲಿ ಕಾನೂನು ಕೊಡುವುದೆಷ್ಟು? 2017ರ ತಿದ್ದುಪಡಿಯಿಂದ ಬಂದ 26 ವಾರಗಳ ವೇತನಸಹಿತ ಹೆರಿಗೆ ರಜೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಅದರಲ್ಲಿ 8 ವಾರವನ್ನು ಮಾತ್ರ ಹೆರಿಗೆಯ ನಿರೀಕ್ಷಿತ ದಿನಕ್ಕೆ ಮೊದಲು ಪಡೆಯಬಹುದು. ಒಂದು ಮಗುವಾದರೂ 26, ಮೂರಾದರೂ 26. ನಿರೀಕ್ಷಿತ ದಿನವನ್ನು 40 ವಾರಕ್ಕೆ ಲೆಕ್ಕ ಹಾಕಿದರೆ ರಜೆ ಶುರುವಾಗುವುದು 32ನೇ ವಾರಕ್ಕೆ, ತ್ರಿವಳಿ ತಾಯಿ ಹೆರಿಗೆಯ ಮನೆಯಲ್ಲಿರುವ ಹೊತ್ತಿಗೆ! ಮಕ್ಕಳು ನಿಗಾ ಘಟಕದಲ್ಲಿ ಕಳೆಯುವ ವಾರಗಳೂ ಅದೇ ಲೆಕ್ಕದಲ್ಲಿ ಕಳೆದುಹೋಗುತ್ತವೆ. ಗರ್ಭದಿಂದ ಅಥವಾ ಅವಧಿಪೂರ್ವ ಹೆರಿಗೆಯಿಂದ ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರದ ಮೇಲೆ ಇನ್ನೊಂದು ತಿಂಗಳು ವೇತನಸಹಿತ ರಜೆ ಕೇಳಬಹುದು. ಗರ್ಭ ಹೋದರೆ ಆರು ವಾರ. ಇದನ್ನು ಕೇಳುವವರು ಕಡಿಮೆ, ಏಕೆಂದರೆ ಗೊತ್ತಿರುವವರು ಕಡಿಮೆ. ಚೊಚ್ಚಲ ಹೆರಿಗೆಯಲ್ಲೇ ಅವಳಿಯಾದರೆ ಮುಂದಿನ ಹೆರಿಗೆಗೆ ರಜೆ 12 ವಾರ ಮಾತ್ರ, ಬದುಕಿರುವ ಮಕ್ಕಳು ಆಗಲೇ ಇಬ್ಬರೆಂಬ ಕಾರಣಕ್ಕೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ಮಹಿಳೆಯರಿಗೆ ವರ್ಷಕ್ಕೆ 12 ದಿನ ಋತುಚಕ್ರ ರಜೆಯ ನೀತಿಯನ್ನು ಒಪ್ಪಿತು, ಸ್ವಾಗತಾರ್ಹ. ಬಹುಗರ್ಭದ ತಾಯಂದಿರಿಗೆ ನಾಲ್ಕು ವಾರ ಹೆಚ್ಚು ಕೊಡಿ ಎಂದು ಕೇಳುವ ದನಿ ಮಾತ್ರ ಎಲ್ಲಿಂದಲೂ ಕೇಳಿಲ್ಲ. ಜೀವಪರ ಎನ್ನಿಸಿಕೊಳ್ಳುವ ನಮ್ಮಿಂದಲೂ.

ಪೀಣ್ಯದ ಕಥೆ ಇನ್ನೊಂದು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿಗೆ ಕಂಪನಿಯ ವಿಮೆ ಇರಬಹುದು, ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಇರಬಹುದು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ಅವಳಿ ಗರ್ಭ ಎಂದರೆ ಗಂಟೆಗೊಮ್ಮೆ ಶೌಚಾಲಯಕ್ಕೆ ಏಳಲೂ ಮೇಲ್ವಿಚಾರಕರ ಮುಖ ನೋಡಬೇಕಾದ ಸ್ಥಿತಿ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದವರಿಗೆ ಇಎಸ್‌ಐ ಸೌಲಭ್ಯವಿದೆ, ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆಯಿದೆ, ಹೆರಿಗೆ ರಜೆಯ ವೇತನವೂ ಅಲ್ಲಿಂದ ಸಿಗುತ್ತದೆ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ನಡೆಯುತ್ತದೆ. ಅವಳಿ ಗರ್ಭವೆಂದರೆ ಅಪಾಯದ ಗರ್ಭ; ತಾಯಿ ಕಾರ್ಡಿನಲ್ಲಿ ಹಾಗೆಂದು ಬರೆಸಿಕೊಳ್ಳಬೇಕು. ಈ ಭಾಗದ ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವ ಧರ್ಮಭಗಿನಿಯರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಒಬ್ಬ ಗರ್ಭಿಣಿಯೊಂದಿಗೆ ಇಎಸ್‌ಐ ಕೌಂಟರಿನವರೆಗೆ ಹೋಗಿ ಬಂದರೆ ಅದು ಹತ್ತು ಪ್ರವಚನಗಳಿಗಿಂತ ಹೆಚ್ಚು ಉಪಯೋಗ.

ಕೈಗಳ ಮಾತಿಗೆ ಬಂದರೆ, ಬಾಣಂತನಕ್ಕೆ ಬಂಟ್ವಾಳದಿಂದಲೋ ಕುಂದಾಪುರದಿಂದಲೋ ತಾಯಿ ಬೆಂಗಳೂರಿಗೆ ಹೋಗುತ್ತಾಳೆ. ಒಂದು ಮಗುವಾದರೆ ಅವಳೊಬ್ಬಳು ಸಾಕು. ಎರಡೋ ಮೂರೋ ಆದರೆ ಎರಡು ಗಂಟೆಗೊಮ್ಮೆ ಹಾಲು, ಬಟ್ಟೆ, ಔಷಧಿ. ಅರವತ್ತು ದಾಟಿದ ಅಜ್ಜಿ ಹದಿನೈದು ದಿನಕ್ಕೆ ಹಾಸಿಗೆ ಹಿಡಿಯುತ್ತಾಳೆ. ಊರಿನ ಗುರಿಕಾರರು ತಮ್ಮ ವಾಳೆಯ ಯಾರು ಎಲ್ಲಿದ್ದಾರೆಂದು ಬಲ್ಲವರು. ಅಲ್ಲಿನ ಧರ್ಮಗುರುಗಳಿಗೆ ಒಂದು ಫೋನ್ ಮಾಡಿದರೆ ಅಲ್ಲಿನ ಕಿರು ಕ್ರೈಸ್ತ ಸಮುದಾಯದ ನಾಲ್ಕು ಮಹಿಳೆಯರು ಸರದಿಯಲ್ಲಿ ಹೋಗಿ ಕೂರಬಹುದು. ಗುಟ್ಟು ಕಾಯುವ ಶಿಸ್ತು ಮಾತ್ರ ಬೇಕು. ಮೂರು ತಿಂಗಳೊಳಗೆ ಯಾರಿಗೂ ಹೇಳದಿರುವ ರೂಢಿಗೆ ಅರ್ಥವಿದೆ, ಆದರೆ ಒಬ್ಬರಿಗಾದರೂ ಹೇಳಿ: ಅಮ್ಮನಿಗೆ, ಧರ್ಮಗುರುವಿಗೆ, ಪರಿಚಯದ ಧರ್ಮಭಗಿನಿಗೆ. ರೆಬೆಕ್ಕಳು ತನ್ನ ಗರ್ಭದಲ್ಲಿ ಇಬ್ಬರು ಗುದ್ದಾಡುವಾಗ ಸುಮ್ಮನೆ ಕೂರಲಿಲ್ಲ, ದೇವರ ಬಳಿ ವಿಚಾರಿಸಲು ಹೋದಳು ಎಂದು ಆದಿಕಾಂಡ ಹೇಳುತ್ತದೆ. ಭಾರತದ ಪ್ರೇಷಿತ ಸಂತ ತೋಮಸರ ಹೆಸರಿನ ಅರ್ಥವೇ ಅವಳಿ.

ಈಗಾಗಲೇ ಕಡಿತ ಮಾಡಿಸಿಕೊಂಡವರೂ ಇದನ್ನು ಓದುತ್ತಿರಬಹುದು. ಉಳಿದ ಮಕ್ಕಳ ಹುಟ್ಟುಹಬ್ಬದ ದಿನ ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆಂದು ಪಾಪನಿವೇದನೆಗೆ ಕೂರುವ ಗುರುಗಳಿಗೆ ಗೊತ್ತು. ಗರ್ಭಪಾತದ ಪಾಪಕ್ಕೆ ಕ್ಷಮೆ ನೀಡುವ ಅಧಿಕಾರವನ್ನು ದಿವಂಗತ ಪೋಪ್ ಫ್ರಾನ್ಸಿಸ್ 2016ರ ನವೆಂಬರ್‌ನಲ್ಲಿ ಎಲ್ಲ ಗುರುಗಳಿಗೂ ವಿಸ್ತರಿಸಿದ್ದಾರೆ. ಧರ್ಮಾಧ್ಯಕ್ಷರ ಬಳಿ ಹೋಗಬೇಕೆಂಬ ಹೆದರಿಕೆ ಬೇಡ. ಊರಿನಲ್ಲಾದರೂ ಸರಿ, ಬೆಂಗಳೂರಿನ ಯಾವ ಚರ್ಚಿನಲ್ಲಾದರೂ ಸರಿ.

ಕೊನೆಗೆ ಆಸ್ಪತ್ರೆಗಳಲ್ಲಿ ಸೇವೆ ಮಾಡುವ ನಮ್ಮ ದಾದಿಯರಿಗೆ ಮತ್ತು ದಿನ ತುಂಬದ ಮಕ್ಕಳ ತಂದೆ ತಾಯಿಗೆ ಉಪಯೋಗವಾಗುವ ಒಂದು ಮಾಹಿತಿ. ಮಗು ಸಾವಿನಂಚಿನಲ್ಲಿದ್ದರೆ ಗುರುಗಳಿಗಾಗಿ ಕಾಯಬೇಕಾಗಿಲ್ಲ. ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಪೆಟ್ಟಿಗೆಯೊಳಗಿರುವ ಪುಟ್ಟ ಮಗುವಾದರೆ ವೈದ್ಯರ ಅನುಮತಿ ಪಡೆದು ಹಣೆಯ ಮೇಲೆ ಹರಿಯುವಂತೆ ಕೆಲವು ಹನಿ ನೀರು ಹಾಕಿ, ಪಿತ, ಸುತ ಮತ್ತು ಪವಿತ್ರಾತ್ಮರ ಹೆಸರಿನ ದೀಕ್ಷಾ ವಾಕ್ಯವನ್ನು ಹೇಳಿದರೆ ಸಾಕು. ಅವಳಿಗಳಾದರೆ ಇಬ್ಬರಿಗೂ ಪ್ರತ್ಯೇಕವಾಗಿ. ಇದನ್ನು ತಿಳಿಸಬೇಕಾದದ್ದು ಊರಿನ ಚರ್ಚಿಗಲ್ಲ, ಜ್ಞಾನಸ್ನಾನ ನಡೆದ ಸ್ಥಳ ಯಾವ ಧರ್ಮಕೇಂದ್ರಕ್ಕೆ ಸೇರುತ್ತದೋ ಅಲ್ಲಿನ ಗುರುಗಳಿಗೆ. ಇಬ್ಬರಲ್ಲಿ ಒಂದು ಮಗು ತೀರಿಕೊಂಡಿದ್ದರೂ ದಾಖಲೆ ಪುಸ್ತಕದಲ್ಲಿ ಅದರ ಹೆಸರನ್ನೂ ಬರೆಸಬೇಕು.